ಜುಂಜಣ್ಣನ ಎರಡು ಲೇಔಟು

ತಿಥಿಯ ಪುಟ ಮುಗಿಸಿದ ಮೇಲೆ ಜುಂಜಣ್ಣ ಎದ್ದು ಹೋಗಿ ಅಂಗಡಿ ಹಿಂದಿನ ನಲ್ಲಿಯಲ್ಲಿ ಕೈಕಾಲು ತೊಳೆದು ಬರುತ್ತಿದ್ದರು. ಕೀಬೋರ್ಡನ್ನೂ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಆಮೇಲೇ ಮದುವೆಯ ಪುಟಕ್ಕೆ ಕೈ ಹಾಕುವುದು. ನಾನು ನಕ್ಕರೆ, "ನಗ್ತೀಯ? ಸಾವಿನ ಮನೆಗೋದೋಳು ಅಂಗೇ ಬಂದು ಹಸೆ ಮುಂದೆ ನಿಂತ್ಕಂತೀಯೇನಮ್ಮ?" ಅನ್ನುತ್ತಿದ್ದರು.

ಮಧುಗಿರಿಯಲ್ಲಿ ನಮ್ಮದು ಲಗ್ನಪತ್ರಿಕೆ ಅಂಗಡಿ. ಜನ "ಫೋನಿಗೇ ಕಳ್ಸಿ" ಅನ್ನತೊಡಗಿದಾಗ, ಅಚ್ಚಿನ ಕೆಲಸದಲ್ಲಿದ್ದ ಜುಂಜಣ್ಣ ಜಾವಾಸ್ಕ್ರಿಪ್ಟ್ ಕಲಿತು, ಫೋನಿನಲ್ಲಿ ಲಿಂಕು ಒತ್ತಿದರೆ ಸರ್ವರಿನಲ್ಲೇ ಪುಟ ಕಟ್ಟಿ ಕಳಿಸುವ ಆ್ಯಪ್ ಬರೆದರು. ಕುರಿ ಸಾಕುವ ಹಟ್ಟಿಯಿಂದ ಬಂದವರು. ನಾನು ಈ ಕೆಲಸ ಕಲಿತದ್ದು ಅವರ ಪಕ್ಕದ ಕುರ್ಚಿಯಲ್ಲಿ ಕೂತು, ಬೈಸಿಕೊಂಡು.

ಅವರ ಆ್ಯಪಿನಲ್ಲಿ ಎರಡೇ ಲೇಔಟು, ಅಂದರೆ ಪುಟದ ಚೌಕಟ್ಟು. ಮದುವೆಯದಕ್ಕೆ ಮೇಲೆ ಮಾವಿನ ತೋರಣ, ತೆರೆದ ಕೂಡಲೇ ಓಲಗ, ಕೆಳಗೆ 'ಮರೆಯದೆ ಬನ್ನಿ'. ತಿಥಿಯದಕ್ಕೆ ಕಪ್ಪು ಅಂಚು, ಅಷ್ಟೇ. ನಡುವಿನ ಖಾಲಿ ಜಾಗದಲ್ಲಿ ಆಯಾ ಮನೆಯವರ ಹೆಸರು, ಫೋಟೊ ಬಂದು ಕೂರುತ್ತವೆ. ಯಾವ ಲೇಔಟು ಅನ್ನುವುದನ್ನು ಪುಟಕ್ಕೊಂದು ಪದದಲ್ಲಿ ಹೇಳಬೇಕು. ಹೇಳದಿದ್ದರೆ ಮದುವೆಯದೇ ಬರುತ್ತದೆ. ತಿಥಿಯ ಪುಟ ಮಾತ್ರ ಕಾರ್ಯ ಮುಗಿದ ಮಾರನೇ ದಿನ ತಾನಾಗೇ ಮಾಯವಾಗುವಂತೆ ಬರೆದಿದ್ದರು. "ತಿಥಿ ಕಾಗ್ದನ ಯಾರಾನ ಮನೇಲಿ ಇಟ್ಕಂತಾರಾ? ಓದಿ ಹರ್ದು ಬಿಸಾಕ್ತಾರೆ. ಇದೂ ಅಂಗೇ ಹೋಗ್ಬೇಕು."

ಒಮ್ಮೆ ಮದುವೆಗಳ ಗಡಿಬಿಡಿಯಲ್ಲಿ ಅವರೇ ಆ ಪದ ಮರೆತರು. ಬಡವನಹಳ್ಳಿಯ ಅಜ್ಜಿಯೊಬ್ಬರ ತಿಥಿ ಪುಟ ತೋರಣ ಕಟ್ಟಿಕೊಂಡು, ಓಲಗ ಊದಿಸಿಕೊಂಡು ನೆಂಟರ ಫೋನಿಗೆಲ್ಲ ಹೋಯಿತು. ಅಯ್ಯೋ, ಆ ಬೈಗುಳ! ಜುಂಜಣ್ಣ ಬೈಕು ಹತ್ತಿದರು, ನಾನೂ ಹಿಂದೆ ಕೂತೆ. ಅಜ್ಜಿಯ ಗಂಡ ಜಗಲಿ ಮೇಲಿದ್ದರು. "ತಪ್ಪಾಗೋಯ್ತು ಕಣಜ್ಜ" ಅಂದು ಇವರು ಕೈಮುಗಿದರೆ, ಅಜ್ಜ ಫೋನನ್ನು ಕಿವಿಗಿಟ್ಟುಕೊಂಡು ಓಲಗವನ್ನು ಕೊನೆತನಕ ಕೇಳಿದರು. "ಇರ್ಲಿ ಬುಡಪ್ಪ. ನಮ್ ಮದ್ವೇಲಿ ಊದ್ಸಕ್ಕೆ ಆಗಿರ್ಲಿಲ್ಲ."

ಜುಂಜಣ್ಣ ಅಂಗಡಿಗೆ ಬಂದವರೇ 'ತಿಥಿ' ಅನ್ನುವ ಪದ ಸೇರಿಸಿ ಸರಿಮಾಡಿದರು. "ಅಜ್ಜ ಒಪ್ಕಂಡ್ರು ಅಂತ ನಾವು ಕ್ರಮ ಬುಡಕ್ಕಾಯ್ತದಾ?"

ಹೋದ ಬೇಸಗೆಯಲ್ಲಿ ಎದೆನೋವು ಅಂದ ಜುಂಜಣ್ಣ ಆಸ್ಪತ್ರೆ ಮುಟ್ಟಲಿಲ್ಲ. ಅವರ ಪುಟ ನಾನೇ ಮಾಡಿದೆ. ಲೇಔಟಿನ ಜಾಗದಲ್ಲಿ 'ತಿಥಿ' ಅಂತ ಬರೆದೆ. ಅಳು ಬರಲಿಲ್ಲ. ಕೈ ತೊಳೆಯಬೇಕು ಅಂತಲೂ ಹೊಳೆಯಲಿಲ್ಲ. ಅದೇ ಕೈಯಲ್ಲಿ ಇನ್ಯಾರದೋ ನಿಶ್ಚಿತಾರ್ಥದ ಪುಟ ಮಾಡಿ, ಡಬ್ಬಿ ಬಿಚ್ಚಿ ಊಟ ಮಾಡಿದೆ.

ಕಾರ್ಯ ಮುಗಿದ ಮಾರನೇ ದಿನ ಅವರ ಹೆಂಡತಿ ಈರಕ್ಕ ಫೋನು ಹಿಡಿದು ಬಂದರು. "ನೆನ್ನೆ ತಂಕ ಇದ್ರು ಕಣಮ್ಮ. ಇವತ್ತು ಕಾಣ್ತಿಲ್ಲ."

ಜುಂಜಣ್ಣನೇ ಹಾಗೆ ಮಾಡಿಟ್ಟಿದ್ದು ಅಂದೆ.

"ಅವ್ರ ಕ್ರಮ ಅವ್ರಿಗೆ. ನಂಗೆ ದಿನಾ ನೋಡ್ಬೇಕು."

"ಉಳಿಯೋದು ಮದುವೆ ಲೇಔಟಿನಲ್ಲಿ ಮಾತ್ರ ಅಕ್ಕ. ಬೇರೆ ಒಂದು ಬರೆದುಕೊಡ್ತೀನಿ, ನಾಲ್ಕು ದಿನ ತಡೀರಿ" ಅಂದೆ. ಆ ನಾಲ್ಕು ದಿನದಲ್ಲಿ ನನ್ನ ಕೈ ಓಡುತ್ತದೆಂಬ ನಂಬಿಕೆ ನನಗೇ ಇರಲಿಲ್ಲ.

"ಓಲ್ಗ ತಾನೇ? ಊದ್ಲಿ ಬುಡು. ಈಗ್ಲೇ ಹಾಕು."

'ತಿಥಿ' ಅನ್ನುವ ಪದ ಅಳಿಸಿದೆ. ಬೇರೇನೂ ಮಾಡುವುದಿರಲಿಲ್ಲ. ಈರಕ್ಕನ ಫೋನಿನಲ್ಲಿ ತೋರಣ ಬಂತು, ಓಲಗ ಶುರುವಾಯಿತು, ನಡುವೆ ಕನ್ನಡಕ ಹಾಕಿದ ಜುಂಜಣ್ಣ. ಈರಕ್ಕ ಬೆರಳಲ್ಲಿ ಪುಟವನ್ನು ಮೇಲಕ್ಕೆ ಸರಿಸಿ, ಕೆಳಗಿನ ಸಾಲನ್ನು ಅಕ್ಷರ ಕೂಡಿಸಿಕೊಂಡು ಓದಿದರು. ಮತ್ತೆ ಫೋಟೊಗೆ ಬಂದು, ಬಾಗಿಲಲ್ಲಿ ನಿಂತು ಹೊರಟವರಿಗೆ ಹೇಳುವ ಹಾಗೆ ಮೆಲ್ಲಗೆ ಅಂದರು: "ಮರೀದೆ ಬನ್ನಿ."