ಅಜ್ಜಿ ಒಗೆದ ಪರೀಕ್ಷೆ

ನಮ್ಮ ಮೊಮ್ಮಗಳು ಇಡೀ ತರಗತಿಗೇ ಮೊದಲನೆಯವಳಾಗಿ ಪಾಸಾದಳು. ತುಮಕೂರಿನ ಬಸ್ಸಿನಲ್ಲಿ ಮಾಯಸಂದ್ರಕ್ಕೆ ಬಂದಿಳಿದವಳು ನೇರ ತೋಟಕ್ಕೇ ಬಂದು ಈ ಸುದ್ದಿ ಹೇಳಿದಾಗ ನಾನು ಕಾಯಿ ಸುಲಿಯುತ್ತಿದ್ದೆ. ಕೈಲಿದ್ದ ಕಾಯಿಯನ್ನು ಅಲ್ಲೇ ಬಿಟ್ಟು ಊರೆಲ್ಲ ಹೇಳಿಕೊಂಡು ಬಂದೆ. ನಮ್ಮೂರಿಗೆ ಆಗಿನ್ನೂ ಟಿ.ವಿ. ಬಂದಿರಲಿಲ್ಲ, ಸುದ್ದಿ ಹರಡುವವನು ನಾನೇ. ಕೊಟ್ಟಿಗೆಯಲ್ಲಿ ಯಾರೂ ಇರಲಿಲ್ಲವೆಂದು ಎಮ್ಮೆಗೂ ಹೇಳಿದೆ.

ಅವಳು ಓದುತ್ತಿದ್ದದ್ದು ಬಟ್ಟೆಗೆ ಬಣ್ಣ ಕಟ್ಟುವ, ಅಚ್ಚು ಒತ್ತುವ, ಚಿತ್ತಾರ ಬಿಡಿಸುವ ವಿದ್ಯೆ. ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನಗೆ ಅದಕ್ಕೂ ಕಾಲೇಜು ಇದೆ ಎಂಬುದೇ ಸಂತೋಷ. ಅವಳಪ್ಪ, ಅಂದರೆ ನನ್ನ ಮಗ, ಮಾತ್ರ ಮುಖ ಗಂಟು ಹಾಕಿಕೊಂಡಿದ್ದ. "ಬಟ್ಟೆ ಮೇಲೆ ಹೂ ಬರಿಯಕ್ಕೆ ತುಮಕೂರಿಗೆ ಹೋಗ್ಬೇಕಾ? ಈ ಸಲ ಫೇಲಾದ್ರೆ ಗಂಟುಮೂಟೆ ಕಟ್ಕೊಂಡು ಬಂದ್ಬುಡು" ಎಂದಿದ್ದ.

ಪರೀಕ್ಷೆಗೆ ತಮ್ಮ ಊರಲ್ಲೇ ಸಿಗುವ ಬಣ್ಣ, ಊರಲ್ಲೇ ಸಿಗುವ ಅಚ್ಚಿನಿಂದ ಒಂದು ಬಟ್ಟೆ ಮಾಡಿಕೊಂಡು ಹೋಗಬೇಕಿತ್ತು. ರಜಕ್ಕೆ ಬಂದವಳು ತೆಂಗಿನಕಾಯಿಯ ಹಸಿ ಮಟ್ಟೆ ಜಜ್ಜಿ ಕುದಿಸಿ ಕಂದು ಬಣ್ಣ ತೆಗೆದಳು. ಕರಟದ ಅಂಚನ್ನು ಅದರಲ್ಲಿ ಅದ್ದಿ ಒತ್ತಿದರೆ ಬಳೆ, ಬಾಳೆದಿಂಡು ಕುಯ್ದು ಒತ್ತಿದರೆ ಜೇನುಗೂಡು. ಮೊದಲು ಕೈ ಪಳಗಿಸಿಕೊಂಡಿದ್ದು ನನ್ನ ಪಂಚೆಯ ಮೇಲೆ. ಅದನ್ನೇ ಉಟ್ಟು ತಿಪಟೂರು ಸಂತೆಗೆ ಹೋದೆ.

"ಏನ್ ಯಜಮಾನ್ರೇ, ಕಾಫಿ ಲೋಟ ಎಲ್ಲಾ ಪಂಚೆ ಮೇಲೇ ಇಡ್ತಾರಾ ಮನೇಲಿ?" ಎಂದ ಕೊಬ್ಬರಿ ಸಾಹುಕಾರ.

"ಡಿಸೈನು ಕಣಪ್ಪ. ನಿಂಗೆ ತಿಳಿಯಲ್ಲ ಬುಡು" ಎಂದೆ.

ಮೈತುಂಬ ಕಂದು ಬಳೆಗಳಿದ್ದ ಪರೀಕ್ಷೆಯ ಬಟ್ಟೆ ಸಿದ್ಧವಾಯಿತು. ಹಗ್ಗದ ಮೇಲೆ ಒಣಗಲು ಹಾಕಿ ಅವಳು ಸ್ನಾನಕ್ಕೆ ಹೋದಳು. ಬರುವಷ್ಟರಲ್ಲಿ ಹಗ್ಗ ಬರಿದಾಗಿತ್ತು.

ಇಲ್ಲಿ ನನ್ನ ಹೆಂಡತಿಯ ವಿಚಾರ ಹೇಳಬೇಕು. ತೆಂಗಿನ ಕರೆ ಬಟ್ಟೆಗೆ ತಗುಲಿದರೆ ಬಟ್ಟೆ ಹರಿದರೂ ಅದು ಹೋಗುವುದಿಲ್ಲ. ಮದುವೆಯಾದಾಗಿನಿಂದ ನನ್ನ ಪಂಚೆಗಳ ಕರೆಯ ಜೊತೆ ಗುದ್ದಾಡುವುದೇ ಅವಳ ಬಾಳಾಗಿತ್ತು. ಗೆದ್ದವಳಲ್ಲ, ಸೋತೆ ಎಂದವಳೂ ಅಲ್ಲ. ಹಿತ್ತಿಲಿನ ಒಗೆಯುವ ಕಲ್ಲಿನಿಂದ ದಬದಬ ಸದ್ದು ಬರುತ್ತಿತ್ತು.

"ಅಜ್ಜೀ, ನನ್ ಬಟ್ಟೆ ಎಲ್ಲಿ?"

"ಈ ಕರೆ ಹಿಡಿದಿರೋ ದುಪ್ಪಟೀನಾ? ನಿಮ್ ತಾತ ಎಲ್ ಹಾಸ್ಕೊಂಡು ಕಾಯಿ ಸುಲಿದ್ರೋ ಕಣವ್ವ. ಹುಣಸೆ ನೀರಲ್ ನೆನೆಸಿ ಬಡೀತಾ ಇವ್ನಿ. ಹಾಳಾದ್ದು ಹೋಗ್ತಾನೇ ಇಲ್ಲ."

"ಅದು ನನ್ ಪರೀಕ್ಷೆ ಅಜ್ಜಿ."

ಎತ್ತಿದ ಕೈ ಎತ್ತಿದಲ್ಲೇ ನಿಂತಿತು. "ಪರೀಕ್ಷೇನ ಕಾಗದದ ಮೇಲೆ ಬರೀತಾರೆ ಅಂದ್ಕಂಡಿದ್ದೆ" ಎಂದಳು ಮೆಲ್ಲಗೆ.

ಹುಡುಗಿ ಕಲ್ಲಿನ ಪಕ್ಕದಲ್ಲೇ ಕುಸಿದು ಕೂತು ಅತ್ತಳು. ಮತ್ತೆ ಮಾಡೋಣವೆಂದರೆ ಅಂಥ ಬಟ್ಟೆ ಇನ್ನೊಂದಿಲ್ಲ, ಮಾರನೆಯ ದಿನವೇ ಹೊರಡಬೇಕು. ನಾನು ಸಮಾಧಾನ ಹೇಳಲು ಬಟ್ಟೆಯನ್ನು ಬಿಡಿಸಿ ಹಿಡಿದೆ. ಕಂದು ಬಳೆಗಳು ಎಲ್ಲೂ ಹೋಗಿರಲಿಲ್ಲ. ಕಾಡಿಗೆಯಲ್ಲಿ ಬರೆದ ಹಾಗೆ ಕಪ್ಪಗೆ ಎದ್ದು ನಿಂತಿದ್ದವು.

ಅವಳು ಕಣ್ಣೊರೆಸಿಕೊಂಡು ಎದ್ದಳು. ಬಟ್ಟೆ ನೆನೆಸಿದ್ದ ಹಳೇ ಕಬ್ಬಿಣದ ಬಾಂಡಲಿಯ ತುಕ್ಕನ್ನು ಉಗುರಿನಲ್ಲಿ ಕೆರೆದು ನೋಡಿದಳು.

"ಅಜ್ಜಿ, ಹುಣಸೆ ನೀರು, ಈ ತುಕ್ಕು ಹಿಡಿದ ಬಾಂಡ್ಲಿ, ಇನ್ನೇನ್ ಹಾಕ್ದೆ?"

"ಇನ್ನೇನಿಲ್ಲ. ನಿಮ್ ತಾತಂಗೆ ಒಂದಿಷ್ಟು ಬೈಗುಳ."

ಆ ಕಪ್ಪು ಬಳೆಗಳ ಒಳಗೆ ಹೊಸದಾಗಿ ಕಂದು ಜೇನುಗೂಡು ಒತ್ತುತ್ತ ಸಂಜೆಯವರೆಗೂ ಕೂತಳು. ಅಜ್ಜಿ ಬಾಳೆದಿಂಡು ಕುಯ್ದು ಕುಯ್ದು ಕೊಟ್ಟಳು. ಪರೀಕ್ಷೆಯಲ್ಲಿ ಮೇಡಂ ಒಬ್ಬರು ಈ ಕಪ್ಪು ಹೇಗೆ ಬಂತು, ಒಗೆದರೆ ನಿಲ್ಲುತ್ತದೆಯೇ ಎಂದರಂತೆ. "ನಮ್ಮಜ್ಜಿ ಒಗೆದಿದ್ದಾರೆ ಮೇಡಂ" ಎಂದಳಂತೆ ಇವಳು.

ಪಾಸಾದ ಆ ದಿನ ಸಂಜೆ ಮಗ ತುರುವೇಕೆರೆಯಿಂದ ಬಂದ. ಸುದ್ದಿ ಕೇಳಿ ಬಹಳ ಹೊತ್ತು ಕೈಕಾಲು ತೊಳೆದ. ಆಮೇಲೆ ಮಗಳ ಕಡೆ ನೋಡದೆಯೇ, "ಮುಂದಿನ ವರ್ಷಾನೂ ಅದೇ ಹಾಸ್ಟೆಲ್ಲಾ? ಊಟ ಸರಿಯಾಗ್ ಹಾಕ್ತಾರಾ?" ಎಂದ. ಇಷ್ಟು ಕೇಳಿದ್ದೇ ಸೊಸೆ ಒಬ್ಬಟ್ಟಿಗೆ ಕಾಯಿ ತುರಿಯಲು ಕೂತಳು.

ರಾತ್ರಿ ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ಮುದ್ದೆ, ಅವರೆಕಾಳು ಸಾರು, ಬಿಸಿ ಒಬ್ಬಟ್ಟು. ಊರವರು ಏನೇನಂದರೆಂದು ಹೇಳುವ ಭರದಲ್ಲಿ ನನ್ನ ಕೈ ತಗುಲಿ ಸಾರೆಲ್ಲ ಪಂಚೆಯ ಮೇಲೆ ಚೆಲ್ಲಿತು. ಎಲ್ಲರೂ ಅಜ್ಜಿಯ ಮುಖ ನೋಡಿದರು. ಅವಳು ನನ್ನ ತಟ್ಟೆಗೆ ಮತ್ತೆ ಸಾರು ಬಿಟ್ಟು, "ಆ ಕಡೆ ಮಗ್ಗುಲಿಗೂ ಒಂಚೂರು ಚೆಲ್ಕಳ್ರಿ, ಜೋಡಿಯಾಗ್ಲಿ" ಎಂದಳು.