ಮ್ಯಾಲ ಹಗ್ಗ ಹಿಡಿದಾಂವ

ಗುರಲಿಂಗಪ್ಪ ಹದಿನಾರು ವರ್ಷದಿಂದ ಮಲಾಡ್, ಕಾಂದಿವಲಿ ಕಡೆ ಬಿಲ್ಡಿಂಗ್‌ಗಳಿಗೆ ಹೊರಗಿನ ಬಣ್ಣ ಹಚ್ಚತಿದ್ದ. ಟೆರೇಸಿನಿಂದ ಎರಡು ಹಗ್ಗ ಕಟ್ಟಿ ಒಂದು ಹಲಗಿ ಇಳಿಬಿಡತಾರ. ಅದಕ್ಕ ಝೂಲಾ ಅಂತಾರ. ಅದರ ಮ್ಯಾಲ ಕುಂತು ಕೆಲಸ. ಮೂರನೇ ಹಗ್ಗ ಕುಂತಾಂವ ತನ್ನ ನಡಕ್ಕ ಕಟ್ಟಿಕೊಳ್ಳೂದು. ಅದರ ಇನ್ನೊಂದು ತುದಿ ಮ್ಯಾಲಿನಾಂವನ ಕೈಯಾಗ ಇರಬೇಕು.

ಮ್ಯಾಲಿನಾಂವ ಸಾಯಬಣ್ಣ, ಹೆಂಡ್ತಿ ಭಾಗವ್ವನ ತಮ್ಮ. ಬ್ಯಾರೆಯವರ ಕೈಯಾಗ ಗುರಲಿಂಗಪ್ಪ ಒಂದು ದಿನಾನೂ ಆ ಹಗ್ಗ ಕೊಟ್ಟಾಂವಲ್ಲ. ಕೆಳಗಿನಾಂವಗ ಮ್ಯಾಲಿನಾಂವ ಕಾಣೂದಿಲ್ಲ. ಅದಕ್ಕ ಒಂದು ಪದ್ಧತಿ ಇಟ್ಟಕೊಂಡಿದ್ರು. ಒಂದು ಪಟ್ಟಿ ಬಣ್ಣ ಮುಗೀತಂದ್ರ ಕೆಳಗಿಂದ ಕೂಗೂದು.

"ಸಾಯಬಣ್ಣಾ?"

"ಅದೀನಿ ಮಾಮಾ!"

ಅಷ್ಟ. ಆ ಮಾತು ಬಂದ ಮ್ಯಾಲೆನ ಬ್ರಶ್ ಎತ್ತೂದು.

ಹೋದ ವರ್ಷ ಸಾಯಬಣ್ಣ ದೊಡ್ಡ ಫೋನ್ ತಗೊಂಡ. ಮೊದಲು ಊಟದ ಹೊತ್ತಿಗೆ ನೋಡತಿದ್ದ. ಆಮ್ಯಾಲೆ ಊಟ ಬಿಟ್ಟು ನೋಡಾಕ ಹತ್ತಿದ. ಡಬ್ಬಿಯಾಗಿನ ರೊಟ್ಟಿ ಹಂಗ ವಾಪಸ್ ಬರತಿತ್ತು. ಕಣ್ಣು ಕೆಂಪು, ಕುತ್ತಿಗಿ ನೋವು, ಮಾತಾಡಿಸಿದ್ರ ಸಿಟ್ಟು.

"ನಿದ್ದಿ ಮಾಡತೀಯೇನೋ?"

"ನೀ ಯಾವಾಗ ಡಾಕ್ಟರ್ ಆದಿ ಮಾಮಾ?"

ಭಾಗವ್ವಗ ಹೇಳಿದ್ದಕ್ಕ ಆಕಿ, "ಹೆಂಡ್ತಿ ಮಕ್ಕಳನ್ನ ಊರಾಗ ಬಿಟ್ಟು ಬಂದಾನ, ಬ್ಯಾಸರ ಆಗತೈತಿ. ನಿಮ್ಮಂಗ ಗೋಡಿ ನೋಡ್ಕೋತ ಕುಂದ್ರಬೇಕೇನು? ಹಗ್ಗ ಅಂತೂ ಬಿಟ್ಟಿಲ್ಲಲ್ಲ?" ಅಂದ್ಲು. ಖರೆ. ಕೂಗಿದಾಗೆಲ್ಲ ಉತ್ತರ ಬರತಿತ್ತು. ಗುರಲಿಂಗಪ್ಪ ಮರುದಿನಾನೂ ನಡಕ್ಕ ಹಗ್ಗ ಕಟ್ಟಿಕೊಂಡು ಇಳದ.

ಮಾರ್ಚ್ ತಿಂಗಳು, ಕಾಂದಿವಲಿಯ ಒಂದು ಬಿಲ್ಡಿಂಗ್. ಮುಂಜಾನಿ ಹನ್ನೊಂದಾಗಿತ್ತು. ಐದನೇ ಮಾಳಿಗಿ ಹತ್ರ ಕೂಗಿದ. "ಅದೀನಿ ಮಾಮಾ!" ಬ್ರಶ್ ಎತ್ತಿದ. ಝೂಲಾದ ಎಡಗಡೆ ಹಗ್ಗ ಪಟ್ಟನ ಹರೀತು. ಹಲಗಿ ವಾಲಿತು. ನಡದ ಹಗ್ಗ ಬಿಗೀಬೇಕಿತ್ತು. ಬಿಗೀಲಿಲ್ಲ. ಜಾರಿ ಕೆಳಗಿನ ಕಿಟಕಿಗೆ ಮಳಿ ಬಡೀಬಾರದಂತ ಚಾಚಿದ್ದ ಛಜ್ಜಾದ ಮ್ಯಾಲ ಬಿದ್ದ. ಕೈಗೆ ಸಿಕ್ಕ ಗ್ರಿಲ್ ಹಿಡಕೊಂಡ. ಐದನೇ ಮಾಳಿಗಿಯ ವಾರಿಜಾ ಅನ್ನೂ ಅಮ್ಮ ಗ್ರಿಲ್‌ನ ಸಣ್ಣ ಬಾಗಲಾ ತಗದು ಒಳಗ ಎಳಕೊಂಡ್ಲು.

"ಮಾರಾಯ್ರೇ, ನೀರಾದ್ರೂ ಕುಡೀರಿ!"

ಅಂವ ನಿಲ್ಲಲಿಲ್ಲ. ಮ್ಯಾಲ ಸಾಯಬಣ್ಣಗ ಹಗ್ಗ ಜಗ್ಗಿ ಕೈ ಮುರದೈತೇನೋ ಅಂತ ಅವನ ಜೀವ ಹೊಡಕೊಳ್ಳಾಕ ಹತ್ತಿತ್ತು. ಮೊಣಕಾಲಿಂದ ರಕ್ತ ಸೋರಿದ್ರೂ ಕುಂಟಕೋತ ಟೆರೇಸ್ ಹತ್ತಿದ.

ಸಾಯಬಣ್ಣ ನೀರಿನ ಟಾಕಿ ನೆರಳಾಗ ಬೆನ್ನ ತಿರುಗಿಸಿ ಕುಂತಿದ್ದ. ಕೈಯಾಗ ಫೋನ್, ಒಂದು ಕಿವಿಯಾಗ ಅದರ ವಾಯರ್. ನಡದ ಹಗ್ಗ ಕಂಬಕ್ಕ ಸುಮ್ಮನ ಸುತ್ತಿ ಬಿಟ್ಟಿದ್ದ, ಅದು ಬಿಚ್ಚಕೊಂಡು ಹೋಗಿತ್ತು. ಝೂಲಾದ ಹಗ್ಗ ಉಜ್ಜಬಾರದಂತ ಗೋಡಿ ಅಂಚಿಗೆ ಹಾಕೂ ಗೋಣಿಚೀಲ ಮಡಚಿ ಅದರ ಮ್ಯಾಲನ ಕುಂತಿದ್ದ.

ಗುರಲಿಂಗಪ್ಪ ಹಿಂದ ನಿಂತು ಮೆಲ್ಲಕ ಕರದ. "ಸಾಯಬಣ್ಣಾ?"

ಫೋನ್ ಮ್ಯಾಲ ಆಡತಿದ್ದ ಹೆಬ್ಬಟ್ಟು ನಿಲ್ಲಲಿಲ್ಲ. ಕುತ್ತಿಗಿ ತಿರುಗಲಿಲ್ಲ.

"ಅದೀನಿ ಮಾಮಾ!"

ಹಂಗ ಕೂಗಿದ ಮ್ಯಾಲೆ ಅವನಿಗೆ, ದನಿ ಬೆನ್ನ ಹಿಂದಿಂದ ಬಂತಲ್ಲ ಅನಿಸಿತು. ತಿರುಗಿದ. ರಕ್ತ ನೋಡಿದ. ಫೋನ್ ಕೆಳಗ ಬಿತ್ತು.

"ಎಷ್ಟು ದಿನದಿಂದ ಹಿಂಗ?" ಗುರಲಿಂಗಪ್ಪ ಕೇಳಿದ.

"ದೀಪಾವಳಿಯಿಂದ... ಬಿಡಬೇಕಂತೀನಿ ಮಾಮಾ. ಆಗವಲ್ದು." ಅಳಾಕ ಹತ್ತಿದ.

ದೀಪಾವಳಿಯಿಂದ ಆರು ಬಿಲ್ಡಿಂಗ್ ಆಗಿದ್ವು. ಆರೂ ಕಡೆ ಗುರಲಿಂಗಪ್ಪ ಬರೇ ಒಂದು ಮಾತಿಗೆ ಜೋತು ಬಿದ್ದಿದ್ದ.

"ಆಗವಲ್ದು ಅಂತ ನನಗ ಹೇಳಬೇಕಿತ್ತು. ನಾ ಇಳೀತಿರಲಿಲ್ಲ."

ಗುರಲಿಂಗಪ್ಪ ತನ್ನ ನಡದ ಹಗ್ಗ ಬಿಚ್ಚಿ ಅವನ ಮುಂದ ಇಟ್ಟು ಇಳದು ಬಂದ.

ಈಗ ಗುರಲಿಂಗಪ್ಪ ಮನಿ ಒಳಗಿನ ಗೋಡಿಗೆ ಬಣ್ಣ ಹಚ್ಚತಾನ. ಕೆಲಸ ಕೊಡೂ ಠೇಕೇದಾರ ಅಮೋಲ್, ಹಗ್ಗ ಹಿಡಿಯಾಕ ಬ್ಯಾರೆ ಜೋಡಿ ಕೊಡತೀನಿ ಅಂದ್ರೂ ಒಲ್ಲೆ ಅಂದ. ಸಾಯಬಣ್ಣ ಅಕ್ಕನ ಮನೀಗೆ ಬರತಾನ, ಉಣ್ಣತಾನ. ಗುರಲಿಂಗಪ್ಪ ನೀರು ಕೊಡತಾನ, ಮಾತಾಡೂದಿಲ್ಲ.

ಮೊನ್ನೆ ಕುಂತಲ್ಲಿಂದ ಕರದ. "ಭಾಗವ್ವಾ?"

"ಇಲ್ಲೇ ಅದೀನ್ರಿ!"

ಮಾತು ಬಂದ್ರೂ ಎದ್ದು ಒಳಗ ಹೋಗಿ ನೋಡಿದ.

"ಅದೀನಿ ಅಂದ್ನೆಲ್ಲ, ಕಿವಿ ಕೇಳೂದಿಲ್ಲೇನು?" ಅಂತ ಆಕಿ ಬೈದ್ಲು.

ಬಾಗಲದಾಗ ಸ್ವಲ್ಪ ನಿಂತ. ಆಕಿ ಹಿಟ್ಟು ನಾದತಿದ್ಲು. ನೋಡಿ ಹೊಳ್ಳಿ ಬಂದ.