ಹದಿನೈದು ದಿನ ಹಿಂದೆ ನಿಂತಿದ್ದ ಫೋನ್

ಎರಡು ವರ್ಷದ ಹಿಂದಿನ ಮಾತು. ನಂಜನಗೂಡಿನ ಬಸ್ ನಿಲ್ದಾಣದ ಹತ್ತಿರ ನನ್ನ ಮೊಬೈಲ್ ಸರ್ವೀಸ್ ಅಂಗಡಿ ಇತ್ತು. ಅದಕ್ಕೂ ಮೊದಲು ತಿ. ನರಸೀಪುರದಲ್ಲಿ ಇನ್ನೊಬ್ಬರ ಅಂಗಡಿಯಲ್ಲಿ ಕೂತು ಕೆಲಸ ಕಲಿತವನು ನಾನು. ಎರಡೂ ಸೇರಿ ಹದಿನಾಲ್ಕು ವರ್ಷ. ಅಷ್ಟು ಹೊತ್ತಿಗೆ ಗಿರಾಕಿಗಳ ಮುಖ ನೋಡುವುದನ್ನೇ ಬಿಟ್ಟಿದ್ದೆ. ಫೋನ್ ಬರುತ್ತಿತ್ತು, ರಿಪೇರಿಯಾಗಿ ಹೋಗುತ್ತಿತ್ತು. ಖುಷಿಯೂ ಇಲ್ಲ, ಬೇಸರವೂ ಇಲ್ಲ. ಬಾವಿಗೆ ಬೀಳಿಸಿದ ಫೋನ್ ತಂದವರು ಕೂಡ ಕಂಪನಿಯನ್ನೇ ಬೈಯುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದುಕೊಂಡು ಸುಮ್ಮನೆ ಸ್ಕ್ರೂ ಬಿಚ್ಚುತ್ತಿದ್ದೆ.

ಜೂನ್ ತಿಂಗಳ ಮೊದಲ ವಾರ ಹದಿನಾರು ಎಂಬ ಹೆಸರಿನ ಊರಿನಿಂದ ಭಾಗ್ಯಮ್ಮ ಎಂಬುವರು ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಅಂಗನವಾಡಿ ಕಾರ್ಯಕರ್ತೆ. ಬೇಸಿಗೆ ರಜೆ ಮುಗಿದು ಕೇಂದ್ರ ತೆರೆದಿತ್ತು. ಮಕ್ಕಳ ಹಾಜರಿ ಹಾಕುವ ಆ್ಯಪ್ ತೆರೆಯುತ್ತಿರಲಿಲ್ಲ. ಮೊದಲು ಫೋನನ್ನು ಅಪ್‌ಡೇಟ್ ಮಾಡಿಸಿ ಎಂದು ಮೇಲ್ವಿಚಾರಕಿ ಹೇಳಿದ್ದರಂತೆ. ಮರುದಿನ ಅವರೇ ಕೇಂದ್ರಕ್ಕೆ ಬರುವವರಿದ್ದರು.

"ಅಪ್‌ಡೇಟ್ ಒತ್ತುದ್ರೆ ಪರಿಶೀಲಿಸಕ್ಕಾಗಲ್ಲ ಅಂತದೆ ಸಾ," ಎಂದರು. "ನರಸೀಪುರ್ದಲ್ಲಿ ನಮ್ಮ ತವರು. ಅಲ್ಲೊಂದು ಅಂಗ್ಡಿಲಿ ತೋರುಸ್ದೆ. ಒಳಗಿರೋದೆಲ್ಲಾ ಅಳಿಸ್ಬುಟ್ರೆ ಸರಿಹೋಯ್ತದೆ ಅಂದ್ರು. ಬ್ಯಾಡ ಅಂದ್ಬುಟ್ಟು ಎದ್ ಬಂದೆ."

ಈ ತೊಂದರೆ ಬಂದಾಗ ನಾವು ನೋಡುವ ಕ್ರಮ ಒಂದಿದೆ. ಮೊದಲು ಇಂಟರ್‌ನೆಟ್, ಆಮೇಲೆ ಫೋನಿನಲ್ಲಿ ಉಳಿದ ಜಾಗ, ಆಮೇಲೆ ತಾರೀಕು. ಇಂಟರ್‌ನೆಟ್ ಚೆನ್ನಾಗಿತ್ತು. ಜಾಗವೂ ಸಾಕಷ್ಟಿತ್ತು. ತಾರೀಕು ಮಾತ್ರ ಹದಿನೈದು ದಿನ ಹಿಂದಿತ್ತು. ತಾರೀಕಿಗೂ ಅಪ್‌ಡೇಟಿಗೂ ಏನು ಸಂಬಂಧ ಎಂದು ಕೇಳಬಹುದು. ಅಪ್‌ಡೇಟ್ ಕಳಿಸುವ ಸರ್ವರ್ ತನ್ನ ಗುರುತಿಗೆ ಒಂದು ಸರ್ಟಿಫಿಕೇಟ್ ತೋರಿಸುತ್ತದೆ. ಅದು ಯಾವ ದಿನದಿಂದ ಯಾವ ದಿನದವರೆಗೆ ನಡೆಯುತ್ತದೆ ಎಂದು ಅದರಲ್ಲೇ ಇರುತ್ತದೆ. ಫೋನಿನ ತಾರೀಕು ಅದಕ್ಕಿಂತ ಹಿಂದಿದ್ದರೆ, ಈ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ ಎಂದು ಫೋನ್ ಬಾಗಿಲು ಹಾಕಿಕೊಳ್ಳುತ್ತದೆ. ಆ್ಯಪ್ ತೆರೆಯದಿದ್ದದ್ದಕ್ಕೂ ಅದೇ ಕಾರಣ. ತಾರೀಕು ತಾನಾಗಿ ಸರಿಹೋಗುವ ಸ್ವಿಚ್ ಒಂದನ್ನು ಒತ್ತಿದರೆ ಆಯಿತು.

ಒತ್ತಲು ಬೆರಳು ಇಟ್ಟೆ. ಭಾಗ್ಯಮ್ಮ ಕೈ ಚಾಚಿ ಇಡೀ ಸ್ಕ್ರೀನನ್ನು ಅಂಗೈಯಿಂದ ಮುಚ್ಚಿದರು.

"ಅದ್ನ ಮುಟ್ಬ್ಯಾಡಿ ಸಾ. ತಾರೀಕು ನಾನೇ ಇಂದಕ್ ಮಡಗಿರೋದು."

ಅವರು ಗಂಡನನ್ನು ಕಳೆದುಕೊಂಡು ಆಗ ಆರು ತಿಂಗಳು. ಗೂಡ್ಸ್ ಆಟೋ ಓಡಿಸುತ್ತಿದ್ದವರು, ಎದೆನೋವು ಬಂದು ಹೋಗಿಬಿಟ್ಟರು. ಅವರ ಮಾತು ಇರುವ ವಿಡಿಯೊ ಒಂದೇ ಒಂದು, ಈ ಫೋನಿನಲ್ಲಿ. ಅಂಗನವಾಡಿಯಲ್ಲಿ ಮಕ್ಕಳು ಊಟ ಮಾಡುವ ಫೋಟೊ ದಿನವೂ ತೆಗೆದು ಕಳಿಸಬೇಕು. ರಜೆಗೆ ಮುಂಚೆ ಜಾಗ ಸಾಲದೆ ಹಳೆಯದನ್ನೆಲ್ಲ ಒಟ್ಟಿಗೆ ಆರಿಸಿ ಅಳಿಸುವಾಗ ಅದೂ ಹೋಯಿತು. ಅಳಿಸಿದ್ದು ಫೋನಿನ ಕಸದಬುಟ್ಟಿಯಲ್ಲಿ ಮೂವತ್ತು ದಿನ ಇರುತ್ತದೆ, ಆಮೇಲೆ ತಾನಾಗಿ ಪೂರ್ತಿ ಹೋಗುತ್ತದೆ. ವಿಡಿಯೊದ ಕೆಳಗೆ ಉಳಿದ ದಿನ ಕಡಿಮೆಯಾಗುತ್ತಾ ಬಂತು. ಇನ್ನು ಒಂದೇ ದಿನ ಎಂದು ತೋರಿಸಿದಾಗ ಇವರು ತಾರೀಕನ್ನು ಒಂದು ದಿನ ಹಿಂದಕ್ಕೆ ಹಾಕಿದರು. ಆಮೇಲೆ ದಿನವೂ ಬೆಳಿಗ್ಗೆ ಎದ್ದು, ಒಲೆ ಹಚ್ಚುವ ಮೊದಲು, ಅದೇ ಕೆಲಸ.

"ಅದನ್ನ ವಾಪಸ್ ತರಬಹುದಿತ್ತಲ್ಲಮ್ಮ. ಅಲ್ಲೇ ಬಟನ್ ಇರ್ತದೆ."

"ಒತ್ತುದ್ರೆ ವಾಪಸ್ ತರೋದು, ಪೂರ್ತಿ ಅಳ್ಸೋದು ಅಂತ ಎಲ್ಡು ಬತ್ತವೆ ಸಾ. ಒಂದ್ಸಲ ತಪ್ಪು ಒತ್ತಿ ಇಷ್ಟಾಗದೆ. ಕೈ ಓಗ್ನಿಲ್ಲ."

"ಮನೇಲಿ ಯಾರನ್ನಾದ್ರೂ ಕೇಳೋದಲ್ವಾ?"

"ಅತ್ತೆ ದಿನಾ ಸಂಜೆ ಮಗನ್ನ ತೋರ್ಸು ಅಂತರೆ. ಚಾರ್ಜ್ ಇಲ್ಲ ಅಂದ್ಕಂಡೇ ಬಂದಿವ್ನಿ. ಯಾರ್ನ ಕೇಳಿದ್ರೂ ಅವ್ರ ಕಿವಿಗೆ ಬೀಳ್ತದೆ."

ಇದನ್ನೆಲ್ಲ ಅವರು ರೇಷನ್ ಅಂಗಡಿಯಲ್ಲಿ ಮನೆಯ ಜನ ಎಷ್ಟೆಂದು ಹೇಳುವ ದನಿಯಲ್ಲಿ ಹೇಳಿದರು. ಕಣ್ಣಲ್ಲಿ ನೀರಿಲ್ಲ. ನನ್ನ ಬೆರಳು ಆ ಸ್ವಿಚ್ಚಿನಿಂದ ದೂರ ಬಂದಿತ್ತು. ಒತ್ತಿದ್ದರೆ ತಾರೀಕು ಸರಿಹೋಗಿ ಬುಟ್ಟಿ ತಾನಾಗಿ ಖಾಲಿಯಾಗುತ್ತಿತ್ತು. ಅದನ್ನು ನೆನೆದು ನನಗೆ ಹೆದರಿಕೆಯಾಯಿತು. ತುಂಬ ವರ್ಷದ ಮೇಲೆ ಕೆಲಸದಲ್ಲಿ ಹೆದರಿದ್ದು ಅವತ್ತೇ.

ಕಸದಬುಟ್ಟಿ ತೆರೆದು, ಅವರಿಗೆ ಕಾಣುವ ಹಾಗೆ ಫೋನ್ ತಿರುಗಿಸಿ, ವಿಡಿಯೊವನ್ನು ಗ್ಯಾಲರಿಗೆ ವಾಪಸ್ ತಂದೆ. ಒಂದು ಪ್ರತಿಯನ್ನು ಮೆಮೊರಿ ಕಾರ್ಡಿಗೂ ಹಾಕಿದೆ. ಓಡುತ್ತದೋ ಇಲ್ಲವೋ ನೋಡಿಯೇ ಫೋನ್ ಕೊಡುವುದು ನಮ್ಮ ಪದ್ಧತಿ, ಒತ್ತಿದೆ. ತಟ್ಟೆ ಮುಂದೆ ಕೂತ ಗಂಡಸು ಫೋನಿನ ಕಡೆ ನೋಡಿ, "ಅದ ಅತ್ಲಾಗ್ ಮಡಗಿ ಉಣ್ಣು ಬಾ, ಆರೋಯ್ತದೆ," ಎಂದ. ಅಷ್ಟೇ ವಿಡಿಯೊ.

"ಸಾಕು ಸಾ," ಎಂದರು ಭಾಗ್ಯಮ್ಮ.

ಆಮೇಲೆ ತಾರೀಕು ಸರಿ ಮಾಡಿದೆ. ಅಪ್‌ಡೇಟ್ ತಕ್ಷಣ ಸಿಕ್ಕಿತು. ಅದು ಇಳಿದು ಫೋನ್ ಮತ್ತೆ ಆನ್ ಆಗುವವರೆಗೆ ಅವರು ಸ್ಟೂಲಿನ ಮೇಲೆ ಕೂತಿದ್ದರು. ಹಾಜರಿಯ ಆ್ಯಪ್ ತೆರೆಯಿತು. ಫೋನ್ ಕೈಗೆ ಕೊಟ್ಟಾಗ ಮೇಲಿದ್ದ ತಾರೀಕನ್ನು ತುಂಬ ಹೊತ್ತು ನೋಡಿದರು.

"ಇವತ್ತು ಅತ್ತೆಗೆ ತೋರುಸ್ಬೋದು," ಎಂದರು. ಎದ್ದು ಎರಡು ಹೆಜ್ಜೆ ಹೋಗಿ ತಿರುಗಿದರು. "ನಾಳೆ ಬೆಳಗೆದ್ದು ಏನ್ ಮಾಡ್ಬೇಕೋ ಗೊತ್ತಾಯ್ತಿಲ್ಲ ಸಾ."

ನಮ್ಮ ಕೆಲಸದಲ್ಲಿ ತಪ್ಪು ತಾರೀಕು ಎಂದರೆ ದೋಷ, ಕಂಡ ಕೂಡಲೇ ಸರಿ ಮಾಡುವುದು ಅಭ್ಯಾಸ. ಅದನ್ನು ಯಾರೋ ಬೇಕೆಂದೇ ಹಿಡಿದು ನಿಲ್ಲಿಸಿರಬಹುದು ಎಂಬುದನ್ನು ಅವತ್ತು ಕಲಿತೆ. ಅಂದಿನಿಂದ ಯಾವ ಫೋನಿನ ತಾರೀಕು ಹಿಂದಿದ್ದರೂ ಮೊದಲು ತಲೆ ಎತ್ತಿ ತಂದವರ ಮುಖ ನೋಡುತ್ತೇನೆ, ಕೇಳುತ್ತೇನೆ, ಆಮೇಲೆ ಮುಟ್ಟುತ್ತೇನೆ.